ಫಿನ್ಲೆಂಡಮ್ಮನ ಜೇನು, ನನ್ನ ಮಗಳ ಮಾತು

ನಾನು ಹುಟ್ಟಾ ಬಾಯಿಬಡುಕಿ. ನಾಚಿಕೆಪಟ್ಟು ಹೇಳುತ್ತಿಲ್ಲ, ಇದ್ದದ್ದನ್ನು ಹೇಳುತ್ತಿದ್ದೇನೆ. ನಮ್ಮ ಕರಾವಳಿಯಲ್ಲಿ ಸುಮ್ಮನಿರುವ ಹೆಂಗಸನ್ನು ಕಂಡರೆ ಮೈಯಲ್ಲಿ ಹುಷಾರಿಲ್ಲವೇ ಎಂದು ಕೇಳುತ್ತಾರೆ. ಅಂಥ ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗಳು ಮೂರು ದಾಟಿ ನಾಲ್ಕರ ಹತ್ತಿರ ಬಂದರೂ ಒಂದು ಮಾತು ಆಡಿರಲಿಲ್ಲ. ಕಿವಿಗೆ ಏನೂ ತೊಂದರೆ ಇರಲಿಲ್ಲ. ಅಡುಗೆಮನೆಯಲ್ಲಿ ಬಿಸ್ಕತ್ತಿನ ಪೊಟ್ಟಣ ಬಿಚ್ಚಿದರೆ ಅಂಗಳದಿಂದ ಓಡಿ ಬರುತ್ತಿದ್ದಳು. ಬೇಕಾದ್ದನ್ನು ಬೆರಳು ಮಾಡಿ ತೋರಿಸುತ್ತಿದ್ದಳು, ಬೇಡವಾದ್ದಕ್ಕೆ ಮುಖ ತಿರುಗಿಸುತ್ತಿದ್ದಳು. ಬಾಯಿ ಮಾತ್ರ ಬಿಡುತ್ತಿರಲಿಲ್ಲ.

ತೊಂಬತ್ತರ ದಶಕದ ನಡುವಿನ ಮಾತು ಇದು. ಆಗ ನಾವು ಗಲ್ಫಿನ ಅಲ್ ರಯ್ಯಾನ್‌ನಲ್ಲಿದ್ದೆವು. ನನ್ನ ಗಂಡ ಒಂದು ಕಂಟ್ರಾಕ್ಟ್ ಕಂಪೆನಿಯಲ್ಲಿ ಡ್ರಾಫ್ಟ್ಸ್‌ಮನ್. ಕಂಪೆನಿ ಕೊಟ್ಟ ಮನೆಗಳು ಒಂದೇ ಅಂತಸ್ತಿನವು, ಎರಡೆರಡು ಮನೆಗೆ ಒಂದು ಗೋಡೆ. ಮದುವೆಯಾದ ಮೇಲೆ ಫ್ಯಾಮಿಲಿ ವೀಸಾ ಸಿಗದೆ ನಾನು ವರ್ಷಗಟ್ಟಲೆ ಊರಿನಲ್ಲಿ ಕುಳಿತಿದ್ದವಳು. ಗಂಡ ವರ್ಷಕ್ಕೊಮ್ಮೆ ರಜೆಯಲ್ಲಿ ಬಂದು, ಮುಖ ಗುರುತಾಗುವಷ್ಟರಲ್ಲಿ ಹೊರಟು ಹೋಗುವ ಆ ಬಾಳು ನನಗೆ ಸಾಕುಬೇಕಾಗಿತ್ತು. ಆದ್ದರಿಂದ ಆ ಸಣ್ಣ ಮನೆ ನನಗೆ ಅರಮನೆಯೇ ಆಗಿತ್ತು.

ಆ ಅರಮನೆಗೆ ಕುತ್ತು ಬಂದದ್ದು ಎಲ್‌ಕೆಜಿಯಿಂದ. ಮಾರ್ಚಿನಲ್ಲಿ ಇಂಡಿಯನ್ ಶಾಲೆಯ ಇಂಟರ್ವ್ಯೂ. ಹೆಸರು ಕೇಳುತ್ತಾರೆ, ಬಣ್ಣ ಕೇಳುತ್ತಾರೆ, ಚಿತ್ರ ತೋರಿಸಿ ಇದೇನು ಎನ್ನುತ್ತಾರೆ. ಸೀಟು ಕಡಿಮೆ, ಮಕ್ಕಳು ಹೆಚ್ಚು.

"ಸೀಟು ಸಿಗದಿದ್ರೆ ಎಂತ ಮಾಡುದು?" ಎಂದು ಒಂದು ದಿನ ಗಂಡ ಊಟದ ಮಧ್ಯೆ ಕೇಳಿದರು. "ನೀನು ಅವಳನ್ನು ಕರ್ಕೊಂಡು ಊರಿಗೆ ಹೋಗ್ಬೇಕಾದೀತು. ಅಲ್ಲಿ ಯಾವುದಾದ್ರೂ ಶಾಲೆಗೆ ನಿಧಾನಕ್ಕೆ ಸೇರಿಸುವ."

"ನೀವು?"

"ನಾನು ಇಲ್ಲಿ ಬಿಟ್ಟು ಬರ್ಲಿಕ್ಕೆ ಆಗ್ತದಾ?"

ಮಗಳು ನಮ್ಮಿಬ್ಬರ ಮುಖವನ್ನು ಸರದಿಯ ಮೇಲೆ ನೋಡುತ್ತಾ ಹಪ್ಪಳ ಕಡಿಯುತ್ತಿದ್ದಳು.

ಡಾಕ್ಟರ ಬಳಿಗೆ ಹೋದೆವು. ನಮ್ಮ ದೇಶದವರೇ, ಒಳ್ಳೆಯ ಮನುಷ್ಯ. ಮನೆಯಲ್ಲಿ ಎಷ್ಟು ಭಾಷೆ ಎಂದು ಕೇಳಿದರು. ನಾವು ಗಂಡಹೆಂಡತಿ ಮಾತಾಡುವುದು ತುಳು. ಓದುವುದು, ಕ್ಯಾಸೆಟ್ಟು ಕೇಳುವುದು ಕನ್ನಡ. ಟೀವಿ ಹಿಂದಿಯದು. ಎದುರು ಮನೆಯವರೊಡನೆ ಮಲಯಾಳಂ. ಗೇಟಿನ ಕಾವಲುಗಾರ ಮಗಳನ್ನು ಕಂಡಾಗೆಲ್ಲ ಯಲ್ಲಾ ಯಲ್ಲಾ ಎನ್ನುತ್ತಿದ್ದ, ಅದು ಅರಬ್ಬಿ. ನಾನು ಬೆರಳು ಮಡಚಿ ಹೇಳುತ್ತಾ ಹೋದಂತೆ ಡಾಕ್ಟರು ತಲೆಯ ಮೇಲೆ ಕೈ ಇಟ್ಟುಕೊಂಡರು. ಇಷ್ಟು ಭಾಷೆಯಲ್ಲಿ ಮಗು ಯಾವುದನ್ನು ಹಿಡಿಯಬೇಕು, ಒಂದನ್ನೇ ಇಟ್ಟುಕೊಳ್ಳಿ, ಹೇಗೂ ಶಾಲೆಗೆ ಇಂಗ್ಲಿಷ್ ಬೇಕಲ್ಲ ಎಂದರು. ಆ ಕಾಲದಲ್ಲಿ ಎಲ್ಲ ಡಾಕ್ಟರೂ ಹಾಗೆಯೇ ಹೇಳುತ್ತಿದ್ದರು. ಅವರ ಮೇಲೆ ನನಗೆ ಸಿಟ್ಟಿಲ್ಲ.

"ಇವತ್ತಿನಿಂದ ಮನೆಯಲ್ಲಿ ಇಂಗ್ಲಿಷ್ ಮಾತ್ರ. ಖಲಾಸ್," ಎಂದರು ಗಂಡ, ಕಾರಿಗೆ ಕೀಲಿ ಹಾಕುತ್ತಾ.

ಆಗಲಿ ಎಂದೆ. ಮದುವೆಗೆ ಮೊದಲು ಮಂಗಳೂರಿನ ಆಫೀಸೊಂದರಲ್ಲಿ ಟೈಪಿಸ್ಟ್ ಆಗಿದ್ದವಳು ನಾನು, ಇಂಗ್ಲಿಷಿಗೆ ಹೆದರುವವಳಲ್ಲ ಎಂಬ ಜಂಬವಿತ್ತು. ನನಗೆ ಬರುತ್ತಿದ್ದದ್ದು ಪತ್ರದ ಇಂಗ್ಲಿಷು ಎಂದು ತಿಳಿದದ್ದು ಆಮೇಲೆ. ಮಗಳ ಮುಂದೆ ತಟ್ಟೆ ಇಟ್ಟು "ಕೈಂಡ್ಲಿ ಫಿನಿಶ್ ಯುವರ್ ರೈಸ್" ಎಂದೆ. ಅವಳು ನನ್ನನ್ನು ಯಾರೋ ಹೊಸಬರೆಂಬಂತೆ ನೋಡಿದಳು. ನನಗೆ ಬೈಯಲು ಬರುತ್ತಿರಲಿಲ್ಲ, ಮುದ್ದು ಮಾಡಲು ಬರುತ್ತಿರಲಿಲ್ಲ. "ಡೋಂಟ್ ಡೂ", "ಗುಡ್ ಗರ್ಲ್", "ಕಮ್ ಈಟ್" ಮುಗಿದ ಮೇಲೆ ಬೊಕ್ಕಸ ಖಾಲಿ. ಗಂಡನ ಪಾಡು ಇನ್ನೂ ಕಷ್ಟ. ಅವರಿಗೆ ತೊಲೆ, ಕಂಬ, ಅಳತೆ ಬಿಟ್ಟರೆ ಬೇರೆ ಇಂಗ್ಲಿಷ್ ಇರಲಿಲ್ಲ. ಸಂಜೆ ಬಂದು ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡು "ದಿಸ್ ಈಸ್ ಡೋರ್, ದಿಸ್ ಈಸ್ ವಿಂಡೋ" ಎನ್ನುತ್ತಿದ್ದರು. ಮನೆಗೆ ಬಾಗಿಲು ಎರಡು, ಕಿಟಕಿ ನಾಲ್ಕು. ಅಷ್ಟಕ್ಕೆ ಆ ದಿನದ ಪಾಠ ಮುಗಿಯುತ್ತಿತ್ತು. ಮಗಳ ಎದುರು ತುಳು ಆಡಬಾರದೆಂದು ನಾವಿಬ್ಬರೂ ಪರಸ್ಪರ ಮಾತಾಡುವುದನ್ನೂ ಬಿಟ್ಟೆವು. ಅವಳು ಮಲಗಿದ ಮೇಲೆ ಆಡೋಣ ಎಂದುಕೊಂಡರೆ ಅಷ್ಟು ಹೊತ್ತಿಗೆ ನಮಗೂ ನಿದ್ದೆ.

ಒಂದು ಶುಕ್ರವಾರ ಫೋನಿನಲ್ಲಿ ಅತ್ತೆ ಹೇಳಿದರು: "ಡಾಕ್ಟ್ರು ಗೀಕ್ಟ್ರು ಸಾಯ್ಲಿ. ಬಜೆ ತೇದು ಜೇನಿನಲ್ಲಿ ಕಲಸಿ ನಾಲಿಗೆಗೆ ಹಚ್ಚು. ನಿನ್ನ ಗಂಡನಿಗೂ ನಾನು ಅದನ್ನೇ ಮಾಡಿದ್ದು."

ಆ ಮದ್ದಿನಿಂದ ನನ್ನ ಗಂಡ ಎಷ್ಟು ಮಾತುಗಾರರಾದರು ಎಂಬುದು ನನಗೆ ಗೊತ್ತಿತ್ತು. ಆದರೂ ಮುಳುಗುವವಳಿಗೆ ಹುಲ್ಲುಕಡ್ಡಿಯೂ ಆಸರೆ. ಪೇಟೆಯ ಕಡೆ ನಜ್ಮಾ ಎಂಬಲ್ಲಿ ನಮ್ಮ ಕಡೆಯ ಬ್ಯಾರಿಯೊಬ್ಬರ ದಿನಸಿ ಅಂಗಡಿಯಿತ್ತು. ಊರಿನ ಕುಚ್ಚಲಕ್ಕಿಯಿಂದ ಹಿಡಿದು ಕಾಯಿ ತುರಿಯುವ ಮಣೆಯವರೆಗೆ ಅಲ್ಲಿ ಸಿಗುತ್ತಿತ್ತು. ಬಜೆ ಕೇಳಿದೆ.

"ಉಂಟು ಅಕ್ಕ," ಎಂದು ಒಳಗಿನ ಡಬ್ಬದಿಂದ ಒಣಗಿದ ಬೇರಿನ ತುಂಡು ತೆಗೆದರು. "ಮಗುವಿಗಾ? ಹಾಗಾದ್ರೆ ಬಾಟ್ಲಿ ಜೇನು ಬೇಡ, ಯೆಮೆನಿಂದ ಬಂದದ್ದು ಕೊಡ್ತೇನೆ. ಹೆದರ್ಬೇಡಿ, ನನ್ನ ದೊಡ್ಡವಳೂ ಹೀಗೆಯೇ ಇದ್ದದ್ದು. ಈಗ ಬಾಯಿ ಮುಚ್ಚು ಅಂತ ಹೇಳ್ಬೇಕಾಗ್ತದೆ."

ಮರುದಿನ ಬೆಳಿಗ್ಗೆ ಹಿತ್ತಿಲ ಮೆಟ್ಟಿಲ ಮೇಲೆ ಕುಳಿತು ಬಜೆ ತೇಯುತ್ತಿದ್ದಾಗ ಪಕ್ಕದ ಮನೆಯಾಕೆ ಬೇಲಿಯ ಹತ್ತಿರ ಬಂದರು. ಅರುವತ್ತರ ಹತ್ತಿರದ ಹೆಂಗಸು. ಗಂಡ ಸಮುದ್ರದ ನೀರನ್ನು ಸಿಹಿ ಮಾಡುವ ಸ್ಥಾವರದ ಕೆಲಸಕ್ಕೆಂದು ಫಿನ್ಲೆಂಡಿನಿಂದ ಬಂದ ಎಂಜಿನಿಯರ್. ನಾನು ಮನಸ್ಸಿನಲ್ಲೇ ಅವರಿಗೆ ಫಿನ್ಲೆಂಡಮ್ಮ ಎಂದು ಹೆಸರಿಟ್ಟಿದ್ದೆ. ಅದುವರೆಗೆ ನಮ್ಮ ನಡುವೆ ಗುಡ್ ಮಾರ್ನಿಂಗ್ ಬಿಟ್ಟರೆ ಬೇರೆ ಮಾತು ನಡೆದಿರಲಿಲ್ಲ. ಏನು ಮಾಡುತ್ತಿದ್ದೀರಿ ಎಂದು ಕೇಳಿದರು. ಹೇಳಿದೆ. ನನ್ನ ಇಂಗ್ಲಿಷು ಎಂಥದ್ದೆಂದು ಆಗಲೇ ಹೇಳಿದ್ದೇನೆ. ಅವರದ್ದೂ ಕಲಿತ ಇಂಗ್ಲಿಷೇ ಆದ್ದರಿಂದ ನಾವು ಚೆನ್ನಾಗಿ ಹೊಂದಿಕೊಂಡೆವು.

"ಜೇನಿಗೆ ನಿಮ್ಮಲ್ಲಿ ಏನೆನ್ನುತ್ತೀರಿ?" ಎಂದರು.

"ಜೇನು."

ಅವರ ಮುಖ ಸ್ವಲ್ಪ ಸಪ್ಪಗಾಯಿತು. ಬೇರೆ ಹೆಸರಿಲ್ಲವೇ ಎಂದರು. ಇದೆ, ಮಂತ್ರ ಹೇಳುವವರು ಮಧು ಎನ್ನುತ್ತಾರೆ, ನಾವು ಆ ಮಾತನ್ನು ದಿನಾ ಬಳಸುವುದು ಸಕ್ಕರೆ ಕಾಯಿಲೆಯ ಹೆಸರಿನಲ್ಲಿ ಮಾತ್ರ ಎಂದೆ. ನನ್ನ ಮಾವನಿಗೆ ಮಧುಮೇಹವಿತ್ತು. ಅದನ್ನು ಕೇಳಿ ಆಕೆ ಅಷ್ಟು ಸಂತೋಷಪಟ್ಟರೆಂದರೆ, ಕಾಯಿಲೆಯ ಸುದ್ದಿಗೆ ಹೀಗೆ ನಗುವ ಹೆಂಗಸು ಎಂಥವಳಪ್ಪ ಎಂದು ನನಗೆ ಅನುಮಾನ ಬಂತು. "ಒಂದು ನಿಮಿಷ" ಎಂದು ಒಳಗೆ ಹೋಗಿ ಚಪ್ಪಲಿ ಪೆಟ್ಟಿಗೆಯೊಂದನ್ನು ಹೊತ್ತುಕೊಂಡು ಬೇಲಿ ಸುತ್ತಿ ನಮ್ಮ ಮೆಟ್ಟಿಲಿಗೇ ಬಂದು ಕುಳಿತರು. ಪೆಟ್ಟಿಗೆಯ ತುಂಬ ಚೀಟಿ.

ಆಕೆ ಊರಿನಲ್ಲಿ ಭಾಷೆಯ ಚರಿತ್ರೆ ಕಲಿಸುತ್ತಿದ್ದವರಂತೆ. ಈಗ ನಿವೃತ್ತಿ. ಶಬ್ದಗಳ ಹುಟ್ಟು ಹೇಳುವ ದೊಡ್ಡ ಕೋಶವೊಂದಕ್ಕೆ ಕೆಲವು ಶಬ್ದಗಳನ್ನು ಬರೆದುಕೊಡಲು ಒಪ್ಪಿಕೊಂಡಿದ್ದರು. ಆಗ ಕೈಯಲ್ಲಿದ್ದದ್ದು ಜೇನು. ಅವರ ಭಾಷೆಯಲ್ಲಿ ಮೆಸಿ ಎಂದರೆ ಹೂವಿನೊಳಗಿನ ಸಿಹಿ. ಡಬ್ಬಿಯಲ್ಲಿ ಬರುವ ಜೇನಿಗೆ ಈಗ ಬೇರೊಂದು ಹೆಸರು ಬಂದು ಕುಳಿತಿದೆ. ಅವರ ದೇಶದ ಕೊಲ್ಲಿಯ ಆಚೆ ದಡದ ಎಸ್ಟೋನಿಯಾದವರಲ್ಲಿ ಮೆಸಿ ಇಂದಿಗೂ ಜೇನೇ. ಪೂರ್ವದ ಕಾಡಿನ ಕಡೆಯ ಸಣ್ಣ ಸಣ್ಣ ಭಾಷೆಗಳಲ್ಲಿ ಅದು ಮೆಜಿ. ದೂರದ ನೆಂಟರಾದ ಹಂಗೇರಿಯವರಲ್ಲಿ ಮೇಜ್. ಇವರೆಲ್ಲ ಬೇರೆಬೇರೆಯಾಗುವ ಮೊದಲು ಆ ಉತ್ತರದ ಜನರಿಗೆ ಒಂದೇ ಮನೆ, ಒಂದೇ ಭಾಷೆ. ಫಿನ್ಲೆಂಡ್, ಎಸ್ಟೋನಿಯಾ ಕಡೆಯವರು ಇನ್ನೂ ಒಟ್ಟಿಗಿದ್ದಾಗ ಅದನ್ನು ಮೆತ್ಸಿ ಎನ್ನುತ್ತಿದ್ದಿರಬೇಕು. ಅದಕ್ಕೂ ಹಿಂದೆ ಆ ಜನರಲ್ಲಿ ಅಂಥ ಮಾತೇ ಇರಲಿಲ್ಲವಂತೆ. ದಕ್ಷಿಣದ ಬಯಲಿನಲ್ಲಿ ಓಡಾಡುತ್ತಿದ್ದ ಬೇರೆ ಜನರಿಂದ ಅದು ಬಂತು. ಆ ಬೇರೆ ಜನರ ಮಾತಿನ ಇನ್ನೊಂದು ಕವಲೇ ನಮ್ಮ ಕಡೆಗೆ ಬಂದು ಮಧು ಆದದ್ದು. ಅಂದರೆ ನನ್ನ ಮಾವನ ಕಾಯಿಲೆಗೂ ಆಕೆಯ ಹೂವಿನ ಸಿಹಿಗೂ ಒಂದೇ ಮುತ್ತಜ್ಜಿ.

ಚೀಟಿಯ ಮೇಲೆ ಮೆತ್ಸಿ ಎಂಬಲ್ಲಿ ಮಾತ್ರ ಮುಂದೆ ಒಂದು ಸಣ್ಣ ನಕ್ಷತ್ರ ಬರೆದಿತ್ತು. ಇದೇಕೆ ಎಂದೆ.

"ಇದನ್ನು ಯಾರೂ ಬರೆದಿಟ್ಟಿಲ್ಲ, ಬದುಕಿರುವ ಯಾರೂ ಕೇಳಿಲ್ಲ ಎಂದು ಅರ್ಥ," ಎಂದರು. "ಮಕ್ಕಳು ಮೊಮ್ಮಕ್ಕಳನ್ನು ಒಟ್ಟಿಗೆ ನಿಲ್ಲಿಸಿ ನೋಡುತ್ತೇವೆ. ಎಲ್ಲರದ್ದೂ ಒಂದೇ ಮೂಗು. ಹಾಗಾದರೆ ಇಂಥ ಮೂಗಿನ ಅಜ್ಜಿಯೊಬ್ಬಳು ಇದ್ದಿರಲೇಬೇಕು ಎನ್ನುತ್ತೇವೆ."

"ಯಾರೂ ಕೇಳದ ಮಾತು ಇದೆಯೆಂದು ಹೇಗೆ ನಂಬುತ್ತೀರಿ?"

ಮಗಳು ಆಗ ನನ್ನ ಬೆನ್ನಿಗೆ ಒರಗಿ ನಿಂತಿದ್ದಳು. ಆಕೆ ಅವಳನ್ನೂ ನನ್ನನ್ನೂ ನೋಡಿದರು. ನಾನು ಬಜೆ ಕಲಸಿದ ಜೇನನ್ನು ಮಗಳ ನಾಲಿಗೆಗೆ ಹಚ್ಚಿದೆ. ಕಹಿಗೆ ಮುಖ ಹಿಂಡಿದಳು. ಫಿನ್ಲೆಂಡಮ್ಮ ಕೈಚಾಚಿ ತಾವೂ ಒಂದು ಬೆರಳು ನೆಕ್ಕಿ ಅವಳ ಹಾಗೆಯೇ ಮುಖ ಹಿಂಡಿದರು. ಆ ದಿನ ಮಗಳು ನಕ್ಕಳು.

ಆಮೇಲೆ ಆಕೆ ದಿನಾ ಬೆಳಿಗ್ಗೆ ಬರತೊಡಗಿದರು. ಅಡುಗೆಮನೆಯ ಮೇಜಿನ ಒಂದು ತುದಿಯಲ್ಲಿ ಅವರ ಚೀಟಿ, ಇನ್ನೊಂದು ತುದಿಯಲ್ಲಿ ನನ್ನ ತರಕಾರಿ. ನನಗೂ ಜೊತೆ ಬೇಕಿತ್ತು. ಹೀಗೆ ಚಳಿಗಾಲ ಬಂತು. ಬಜೆ ಬೇರು ತೇದು ತೇದು ಕಡ್ಡಿಯಷ್ಟಾಯಿತು. ಮಗಳು ಬಾಯಿ ಬಿಡಲಿಲ್ಲ.

ಒಂದು ಬೆಳಿಗ್ಗೆ ನಾನು ಮಗಳಿಗೆ ಬಣ್ಣದ ಪೆನ್ಸಿಲು ತೋರಿಸಿ "ರೆಡ್, ರೆಡ್, ಸೇ ರೆಡ್" ಎಂದು ಹಿಡಿದು ಕುಳಿತಿದ್ದೆ. ಅವಳು ಕಣ್ಣು ಕಣ್ಣು ಬಿಟ್ಟಳು. ಕೊನೆಗೆ ಪೆನ್ಸಿಲು ಮೇಜಿನ ಮೇಲೆ ಕುಕ್ಕಿದೆ. ಮಗಳು ಎದ್ದು ಹೊರಗೆ ಹೋದಳು. ಆಗ ಫಿನ್ಲೆಂಡಮ್ಮ ಕನ್ನಡಕ ತೆಗೆದು ಹೇಳಿದರು:

"ನಾವು ಈ ಮನೆಗೆ ಬಂದ ಹೊಸದರಲ್ಲಿ ಗೋಡೆಯಾಚೆಯಿಂದ ನಿಮ್ಮ ದನಿ ದಿನವಿಡೀ ಕೇಳುತ್ತಿತ್ತು. ನನಗೆ ಒಂದಕ್ಷರ ತಿಳಿಯುತ್ತಿರಲಿಲ್ಲ. ಆದರೆ ಹಾಲು ಉಕ್ಕಿದ್ದು, ನಿಮ್ಮ ಗಂಡ ತಡವಾಗಿ ಬಂದದ್ದು ಎಲ್ಲ ಗೊತ್ತಾಗುತ್ತಿತ್ತು. ಒಂದು ದಿನ ಅದು ನಿಂತಿತು. ನಿಮ್ಮ ಮನೆಯಲ್ಲಿ ಯಾರೋ ತೀರಿಹೋಗಿದ್ದಾರೆ ಎಂದುಕೊಂಡೆ. ಅದಕ್ಕೇ ಆ ದಿನ ಬೇಲಿಯ ಹತ್ತಿರ ಬಂದದ್ದು."

ನನಗೆ ಮೈಯೆಲ್ಲ ಉರಿದುಹೋಯಿತು. "ನಿಮಗೇನು, ಹೇಳಬಹುದು," ಎಂದೆ. "ಇಂಟರ್ವ್ಯೂ ಇರುವುದು ನನ್ನ ಮಗಳಿಗೆ. ಡಾಕ್ಟರು ಒಂದೇ ಭಾಷೆ ಎಂದಿದ್ದಾರೆ."

"ಒಂದಾದರೂ ಎಲ್ಲಿದೆ?" ಎಂದರು ಮೆಲ್ಲಗೆ. "ನಾನು ಡಾಕ್ಟರಲ್ಲ. ಮಗುವಿನ ವಿಷಯ ನನಗೆ ತಿಳಿಯದು. ನನಗೆ ಗೊತ್ತಿರುವುದು ಈ ಜೇನಿನ ಮಾತೊಂದೇ. ಅದನ್ನು ನಮ್ಮ ಹಿರಿಯರಿಗೆ ಯಾರೂ ಎದುರು ಕೂರಿಸಿ ಕಲಿಸಲಿಲ್ಲ. ಆ ಜನ ಉಂಡರು, ಮಾರಿದರು, ಜಗಳಾಡಿದರು, ನಮ್ಮವರು ಪಕ್ಕದಲ್ಲಿದ್ದರು. ಮಾತು ಜನರ ಗದ್ದಲದಲ್ಲೇ ದಾಟಿಹೋಗುತ್ತದೆ."

ನಾನು ಬೀನ್ಸ್ ಕತ್ತರಿಸಿದೆ. ಆಕೆ ಚೀಟಿ ಎತ್ತಿಕೊಂಡು ಹೋದ ಮೇಲೆ ನಮ್ಮ ಮನೆಯನ್ನು ಒಮ್ಮೆ ಕಿವಿಗೊಟ್ಟು ಕೇಳಿದೆ. ಏಸಿಯ ಗುರ್ರೆನ್ನುವ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಭಾಷೆ ಒಂದಾಗಲಿ ಎಂದು ಹೊರಟವರು ಇದ್ದದ್ದನ್ನೂ ಕಳೆದುಕೊಂಡಿದ್ದೆವು. ನಾನು ಅಡುಗೆಮನೆಯ ನೆಲದ ಮೇಲೆ ಕುಳಿತು ಅತ್ತುಬಿಟ್ಟೆ. ಮಗಳು ಬಂದು ಎದುರು ಕುಳಿತಳು. ಆಗ ನಾನು ತುಳುವಿನಲ್ಲಿ ಶುರುಮಾಡಿದೆ. ಏನು ಹೇಳಿದೆನೆಂದು ಸರಿಯಾಗಿ ನೆನಪಿಲ್ಲ. ಈ ಬೀನ್ಸಿನ ನಾರು ನೋಡು, ಇದನ್ನು ತಂದವನ ಮುಖಕ್ಕೆ ಎಸೆಯಬೇಕು, ನಿನ್ನ ಅಪ್ಪನಿಗೆ ತರಕಾರಿ ಆರಿಸಲು ಜನ್ಮದಲ್ಲಿ ಬರುವುದಿಲ್ಲ, ಇಂಥದ್ದೇ ಏನೋ. ತಡೆಹಿಡಿದ ಮಾತು ಕಟ್ಟೆ ಒಡೆದ ನೀರಿನಂತೆ ಬಂತು. ಮಗಳು ನನ್ನ ಬಾಯಿಯಿಂದ ಕಣ್ಣು ಕೀಳಲಿಲ್ಲ.

ಸಂಜೆ ಗಂಡ ಬಂದಾಗಲೂ ನಾನು ನಿಲ್ಲಿಸಿರಲಿಲ್ಲ.

"ಎಂತದು ಇದು? ಡಾಕ್ಟ್ರು ಹೇಳಿದ್ದು ಮರ್ತಿಯಾ?" ಎಂದರು.

"ಮರೀಲಿಲ್ಲ. ನನಗೆ ಆಗುದಿಲ್ಲ ರೀ. ಅವಳು ಮಾತಾಡದಿದ್ರೆ ಇಲ್ಲ, ನಾನಾದ್ರೂ ಮಾತಾಡ್ತೇನೆ."

"ಸೀಟು ಹೋದ್ರೆ?"

"ಹೋದ್ರೆ ಊರಿಗೆ ಹೋಗ್ತೇನೆ. ಮೂಕಿಯಾಗಿ ಇಲ್ಲಿ ಕೂತ್ಕೊಳ್ಳುದಕ್ಕಿಂತ ಅದು ವಾಸಿ."

ಅವರು ಉಳಿದಿದ್ದ ಒಂದು ಬೀನ್ಸ್ ಎತ್ತಿ ಮುರಿದು ನೋಡಿ "ಬೀನ್ಸ್ ಅಷ್ಟು ಹಾಳಾಗಿತ್ತಾ ಮಾರಾಯ್ತಿ?" ಎಂದು ಕೇಳಿದರು, ತುಳುವಿನಲ್ಲೇ. ಅವತ್ತು ಮನೆಯಲ್ಲಿ ಜಗಳವಾಯಿತು, ನಗುವೂ ಆಯಿತು. ಗೋಡೆಯಾಚೆಗೂ ಕೇಳಿಸಿರಬೇಕು.

ಮಾತು ಮರಳಿತೆಂದು ಪವಾಡವೇನೂ ನಡೆಯಲಿಲ್ಲ. ವಾರಗಳು ಕಳೆದವು. ಮಗಳು ಹಾಡಿಗೆ ತಲೆಯಾಡಿಸುತ್ತಿದ್ದಳು, ಬೈದರೆ ತುಟಿ ಚಲಿಸುತ್ತಿತ್ತು, ಶಬ್ದ ಮಾತ್ರ ಬರಲಿಲ್ಲ. ನಾನು ತಪ್ಪು ಮಾಡುತ್ತಿದ್ದೇನೆಯೇ ಎಂದು ಎಷ್ಟೋ ಸಲ ಹೆದರಿದೆ. ಹೆದರಿದಷ್ಟೂ ಹೆಚ್ಚು ಮಾತಾಡಿದೆ.

ಇಂಟರ್ವ್ಯೂ ದಿನ ಬಂತು. ಹೆಡ್‌ಮಿಸ್ಟ್ರೆಸ್ ಕೋಣೆಯಲ್ಲಿ ನಾವು ಮೂವರೂ ಕುಳಿತೆವು. ಗಂಡ ಟೈ ಕಟ್ಟಿದ್ದರು. ಹೆಡ್‌ಮಿಸ್ಟ್ರೆಸ್ ಗಟ್ಟಿ ಹೆಂಗಸು, ಆದರೆ ದನಿ ಮೆತ್ತಗಿತ್ತು. ಹೆಸರು ಕೇಳಿದರು. ಮಗಳು ಅವರ ಕಿವಿಯ ಓಲೆ ನೋಡಿದಳು. ಚೆಂಡು ತೋರಿಸಿ ಬಣ್ಣ ಕೇಳಿದರು. ಓಲೆಯನ್ನೇ ನೋಡಿದಳು. ಒಂದು ಚಿತ್ರದ ಪುಸ್ತಕ ಬಿಚ್ಚಿ ಮುಂದೆ ಇಟ್ಟರು. ಅದನ್ನು ಎರಡೂ ಕೈಯಲ್ಲಿ ಹತ್ತಿರಕ್ಕೆ ಎಳೆದುಕೊಂಡಳು. ಇದೇನು, ಇದೇನು ಎಂದು ಅವರು ಬೆರಳಿಟ್ಟು ಕೇಳುತ್ತಾ ಹೋದರು. ಇವಳು ಪುಟ ತಿರುವುತ್ತಾ ಹೋದಳು. ಗಂಡನ ಹಣೆಯಲ್ಲಿ ಬೆವರು. ನನ್ನ ಕಣ್ಣೆದುರು ಆಗಲೇ ಏರ್‌ಪೋರ್ಟು, ಕೈಬೀಸುವ ಗಂಡ, ವರ್ಷಕ್ಕೊಮ್ಮೆಯ ರಜೆ.

"ಮುಂದಿನ ವರ್ಷ ನೋಡೋಣ," ಎಂದು ಹೆಡ್‌ಮಿಸ್ಟ್ರೆಸ್ ಇಂಗ್ಲಿಷಿನಲ್ಲಿ ಹೇಳಿ ಪೆನ್ನು ಮುಚ್ಚಿದರು. ಅವರ ದನಿಯಲ್ಲಿ ಕನಿಕರವಿತ್ತು, ಅದೇ ಹೆಚ್ಚು ನೋಯಿಸಿತು. ನಾನು ಎದ್ದೆ. ಇನ್ನು ಯಾರ ಹೆದರಿಕೆ ಎಂದು ತುಳುವಿನಲ್ಲೇ ಮಗಳಿಗೆ, "ಬಾ ಮಗಾ, ಸಾಕು, ಮನೆಗೆ ಹೋಗುವ" ಎಂದು ಕೈ ಹಿಡಿದೆ.

ಅವಳು ಕೈ ಕೊಸರಿಕೊಂಡಳು.

"ಯಾನ್ ಬರ್ಪುಜಿ."

ನಾನು ಬರುವುದಿಲ್ಲ. ಕೋಣೆಯಲ್ಲಿ ಯಾರು ಅಂದರು ಎಂದು ಒಂದು ಕ್ಷಣ ನನಗೆ ಹೊಳೆಯಲಿಲ್ಲ. ದನಿ ಸ್ವಲ್ಪ ಗೊಗ್ಗರು, ನಾನು ನೆನೆಸಿಕೊಂಡಿದ್ದಂತೆ ತೆಳುವಾಗಿರಲಿಲ್ಲ. ಗಂಡ ಕುರ್ಚಿಯ ಕೈ ಹಿಡಿದುಕೊಂಡರು. ನಾನು ಎದ್ದ ಕುರ್ಚಿಯಲ್ಲೇ ಮತ್ತೆ ಕುಳಿತೆ. ಅವಳು ನಮ್ಮತ್ತ ನೋಡಲೂ ಇಲ್ಲ. ಮುಂದಿನ ಪುಟ ತಿರುವಿ ಇನ್ನೊಮ್ಮೆ, ಮೊದಲಿಗಿಂತ ಜೋರಾಗಿ, ಅದನ್ನೇ ಹೇಳಿದಳು.

ಏನೆಂದಳು ಎಂದು ಹೆಡ್‌ಮಿಸ್ಟ್ರೆಸ್ ಕೇಳಿದರು. ಗಂಡ ಹೇಳಿದರು, "ಮೇಡಮ್, ಅವಳು ಬರುವುದಿಲ್ಲವಂತೆ." ಹೇಳುತ್ತಲೇ ಅವರ ಕಣ್ಣಲ್ಲಿ ನೀರು ಇಳಿಯಿತು. ಮದುವೆಯಾದ ಮೇಲೆ ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಹೆಡ್‌ಮಿಸ್ಟ್ರೆಸ್ ನಮ್ಮಿಬ್ಬರನ್ನೂ ನೋಡಿದರು. ಅವರಿಗೆ ಏನು ತಿಳಿಯಿತೋ, ಪೆನ್ನಿನ ಮುಚ್ಚಳ ಮತ್ತೆ ತೆಗೆದರು.

"ಮನಸ್ಸಿನಲ್ಲಿರುವುದನ್ನು ಹೇಳುತ್ತಾಳಲ್ಲ, ಸಾಕು," ಎಂದರು. "ಇಂಗ್ಲಿಷ್ ಕಲಿಸಲು ನಾವಿದ್ದೇವೆ."

ಬರುವಾಗ ದಾರಿಯುದ್ದಕ್ಕೂ ನಾನು ಅವಳನ್ನು ಏನೇನೋ ಕೇಳಿದೆ. ಹಸಿವೆಯಾ, ನೀರು ಬೇಕಾ, ಆ ಮೇಡಮ್ ಒಳ್ಳೆಯವರಾ. ಒಂದಕ್ಕೂ ಉತ್ತರವಿಲ್ಲ. ಮತ್ತೆ ಎಲ್ಲ ಮುಗಿಯಿತೇ ಎಂದುಕೊಂಡೆ. ಕಾರು ಮನೆಯೆದುರು ನಿಂತಿತು. ಮಾರ್ಚಿನ ಮಧ್ಯಾಹ್ನ, ಹೊರಗೆ ಬಿಸಿಲು ಕಾದಿತ್ತು. ನಾನು ಇಳಿದು ಅವಳ ಕಡೆಯ ಬಾಗಿಲು ತೆರೆದು "ಇಳಿ ಮಗಾ" ಎಂದೆ.

"ಬರ್ಪುಜಿ."

ನಾನು ಗಂಡನ ಮುಖ ನೋಡಿದೆ. ಅವರು ಸ್ಟೀರಿಂಗ್ ಮೇಲೆ ಕೈಯಿಟ್ಟುಕೊಂಡೇ ನಗುತ್ತಿದ್ದರು. ಟೈ ಸಡಿಲ ಮಾಡಿಕೊಂಡು ಸೀಟಿಗೆ ಒರಗಿದರು. ನಾನು ಒಳಗೆ ನುಗ್ಗಿ ಮಗಳ ಪಕ್ಕ ಕುಳಿತು, ಗಾಳಿಯಾಡಲೆಂದು ಎರಡೂ ಬಾಗಿಲು ತೆರೆದಿಟ್ಟೆ. ಬರುವುದಿಲ್ಲ ಎಂದು ಅವಳು ಬಾಯಿಬಿಟ್ಟು ಹೇಳಿದ್ದಳು. ನಾವು ಮೂವರೂ ಬೆವರುತ್ತಾ ಅಲ್ಲೇ ಕುಳಿತೆವು.